ತಿಳಿಯುವ ನುಡಿಯಲ್ಲಿ ಮದುವೆ: ವಿವಾಹವಿಧಿಯ ಮರುರಚನೆ ಕುರಿತು ಕೆಲವು ವಿಚಾರಗಳು

ಕನ್ನಡ ಅಧ್ಯಯನ ಪೀಠವೊಂದಕ್ಕೆ ಹೊರನಾಡಿನಿಂದ ಬರುವ ಪತ್ರಗಳಲ್ಲಿ ಶಾಸನಪಾಠ, ಹಸ್ತಪ್ರತಿ, ಪಠ್ಯಕ್ರಮಗಳಿಗೆ ಸಂಬಂಧಿಸಿದವೇ ಹೆಚ್ಚು. ಆದರೆ ಕೆಲವು ವರ್ಷಗಳಿಂದ ಬೇರೊಂದು ಬಗೆಯ ಕೋರಿಕೆಯೂ ಬರತೊಡಗಿದೆ. ಪುರೋಹಿತರಿಲ್ಲದೆ, ಅಥವಾ ಪುರೋಹಿತರಿದ್ದರೂ ತಮಗೆ ಅರ್ಥವಾಗುವ ರೀತಿಯಲ್ಲಿ ಮದುವೆಯಾಗಬಯಸುವವರಿಗೆ ಕನ್ನಡದಲ್ಲಿ ಒಂದು ಪಾಠವನ್ನು ಸಿದ್ಧಪಡಿಸಿಕೊಡಬಹುದೆ ಎಂಬುದೇ ಆ ಕೋರಿಕೆ. ಕೇಳುವವರು ಬಹುಮಟ್ಟಿಗೆ ಮುಂಬಯಿ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ಹುಟ್ಟಿ ಬೆಳೆದ ಕನ್ನಡಿಗರು. ಅವರು ಕೈಹಿಡಿಯಲಿರುವವರು ಹಲವು ವೇಳೆ ಬೇರೆ ಭಾಷೆಯವರು, ಬೇರೆ ಜಾತಿಯವರು. ಇದು ಸಂಶೋಧನೆಯ ವ್ಯಾಪ್ತಿಗೆ ಸೇರಿದ ವಿಷಯವಲ್ಲವೆಂದು ಮೊದಮೊದಲು ನಾವು ಭಾವಿಸಿದ್ದೆವು. ಆ ಭಾವನೆ ಸರಿಯಲ್ಲವೆಂದು ನಮಗೆ ಮನವರಿಕೆ ಮಾಡಿಕೊಟ್ಟ ಒಂದು ಪ್ರಸಂಗದಿಂದಲೇ ಈ ಲೇಖನವನ್ನು ಆರಂಭಿಸುವುದು ಸೂಕ್ತ.

2019ರಲ್ಲಿ ನಮ್ಮ ಸಂಶೋಧನ ವಿದ್ಯಾರ್ಥಿನಿಯೊಬ್ಬರ ಮದುವೆ ನಿಶ್ಚಯವಾಯಿತು. ಮನೆತನ ಧಾರವಾಡದ ಕಡೆಯದು, ಬೆಳೆದದ್ದು ದೆಹಲಿಯಲ್ಲಿ. ವರ ಪುಣೆಯವರು, ಮಾತೃಭಾಷೆ ಮರಾಠಿ. ಶಾಸ್ತ್ರೋಕ್ತ ವಿಧಿ ಬೇಡ, ಆದರೆ ಕಚೇರಿಯಲ್ಲಿ ಸಹಿ ಹಾಕಿ ಊಟಕ್ಕೆ ಹೋಗುವಷ್ಟು ಒಣದಾಗಿಯೂ ಇರಬಾರದು ಎಂಬುದು ಅವರಿಬ್ಬರ ಅಪೇಕ್ಷೆ. ನಾವು ಉತ್ಸಾಹದಿಂದಲೇ ಒಪ್ಪಿಕೊಂಡೆವು. ಚಂಪೂಕಾವ್ಯಗಳ ವಿವಾಹವರ್ಣನೆಗಳಿಂದ ಪದ್ಯಗಳನ್ನು ಆಯ್ದು, ನಡುನಡುವೆ ವಚನಗಳನ್ನು ಹೊಂದಿಸಿ ಹದಿನಾಲ್ಕು ಪುಟಗಳ ಪಾಠವೊಂದನ್ನು ಸಿದ್ಧಪಡಿಸಿ ವಧುವಿನ ಮನೆಯಲ್ಲಿ ಓದಿದೆವು. ಓದು ಮುಗಿದ ಮೇಲೆ ಯಾರೂ ಮಾತನಾಡಲಿಲ್ಲ. ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. ಅವರು ಕೇಳಿದ್ದು ಇಷ್ಟೆ: "ಸರ, ಮೊದಲ ಸಂಸ್ಕೃತದಾಗ ತಿಳೀತಿರಲಿಲ್ಲ. ಈಗ ಕನ್ನಡದಾಗ ತಿಳೀಲಿಲ್ಲ. ಫರಕ ಏನಾತ್ರಿ?" ಇಪ್ಪತ್ತೈದು ವರ್ಷ ಮಧ್ಯಕಾಲೀನ ಸಾಹಿತ್ಯವನ್ನು ಬೋಧಿಸಿದ ನಮಗೆ ಆ ಕ್ಷಣ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯೇ ಮುಂದಿನ ವಿಚಾರಗಳಿಗೆಲ್ಲ ಮೂಲ.

ಸಂಪ್ರದಾಯವನ್ನು ಬಿಟ್ಟ ಮದುವೆಗಳ ಚರ್ಚೆ ಸಾಮಾನ್ಯವಾಗಿ ಯಾವುದನ್ನು ಕೈಬಿಡಬೇಕು, ಅದರ ಜಾಗದಲ್ಲಿ ಏನನ್ನು ಇಡಬೇಕು ಎಂಬ ಲೆಕ್ಕದಲ್ಲಿ ಸಾಗುತ್ತದೆ. ಹೋಮದ ಬದಲು ದೀಪ, ಮಂತ್ರದ ಬದಲು ಭಾವಗೀತೆ, ಅಕ್ಷತೆಯ ಬದಲು ಹೂವಿನ ಎಸಳು. ಇದು ಸಾಮಗ್ರಿಯ ಬದಲಾವಣೆ ಮಾತ್ರ. ವಿಧಿಯೊಂದನ್ನು ಸಾಮಗ್ರಿಯೆಂದಲ್ಲದೆ ಒಂದು ವಾಕ್ಯವೆಂದು ಓದುವುದು ಹೆಚ್ಚು ಫಲಕಾರಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿ ಯಾರು, ಯಾರಿಗೆ, ಏನನ್ನು, ಯಾರ ಸಮಕ್ಷಮದಲ್ಲಿ ಹೇಳುತ್ತಿದ್ದಾರೆ? ಕರ್ತೃ ಯಾರು, ಕರ್ಮ ಯಾವುದು? ಹೀಗೆ ಓದಿದಾಗ ಕೆಲವು ವಿಧಿಗಳನ್ನು ಇಟ್ಟುಕೊಂಡೇ ಅವುಗಳ ವ್ಯಾಕರಣವನ್ನು ತಿದ್ದಬಹುದೆಂಬುದೂ, ಹೊಸದಾಗಿ ಹುಟ್ಟಿಸಿದ ಕೆಲವು ವಿಧಿಗಳಿಗೆ ಕರ್ತೃವೂ ಇಲ್ಲ ಕರ್ಮವೂ ಇಲ್ಲವೆಂಬುದೂ ಕಾಣುತ್ತದೆ.

ಧಾರೆಯನ್ನೇ ತೆಗೆದುಕೊಳ್ಳೋಣ. ಶಾಸನಗಳನ್ನು ಓದಿದವರಿಗೆ 'ಧಾರಾಪೂರ್ವಕಂ' ಎಂಬ ಪದ ಚಿರಪರಿಚಿತ. ಭೂಮಿಯನ್ನೋ ತೋಟವನ್ನೋ ದೇವಾಲಯಕ್ಕೆ, ಬ್ರಾಹ್ಮಣರಿಗೆ, ಜಿನಾಲಯಕ್ಕೆ ಬಿಟ್ಟುಕೊಡುವಾಗ ಪಡೆಯುವವನ ಕೈಗೆ ನೀರೆರೆಯುವ ಕ್ರಮವದು. ದಾನ ಪೂರ್ಣವಾಯಿತು, ಇನ್ನು ಕೊಟ್ಟವನಿಗೆ ಅದರಲ್ಲಿ ಹಕ್ಕಿಲ್ಲ, ಸೇರಿದವರೆಲ್ಲ ಅದನ್ನು ಕಂಡಿದ್ದಾರೆ ಎಂಬ ಮೂರು ಅರ್ಥಗಳೂ ಆ ನೀರಿನಲ್ಲಿವೆ. ಹಳಗನ್ನಡದಲ್ಲಿ ಹೆಣ್ಣನ್ನು ಮದುವೆ ಮಾಡಿಕೊಡುವುದಕ್ಕೆ 'ಕೈನೀರೆರೆ' ಎಂಬ ಪ್ರಯೋಗವಿದೆ. ಇಂದಿಗೂ ಮೈಸೂರು ಸೀಮೆಯಲ್ಲಿ ಮದುವೆಯ ಮುಖ್ಯ ಘಟ್ಟಕ್ಕೆ 'ಧಾರೆ' ಎಂದೇ ಹೆಸರು. ಹೊಲಕ್ಕೂ ಮಗಳಿಗೂ ಒಂದೇ ಕ್ರಿಯೆ, ಒಂದೇ ಪದ. ಈ ವಾಕ್ಯದಲ್ಲಿ ತಂದೆ ಕರ್ತೃ, ವರ ಸಂಪ್ರದಾನ, ಕನ್ಯೆ ಕರ್ಮ. ತಾಯಿಯ ಸ್ಥಾನ ಇನ್ನೂ ವಿಚಿತ್ರವಾದುದು. ನೀರೆರೆಯುವ ಕೈ ಅವಳದು, ಸಂಕಲ್ಪದ ಮಾತು ಗಂಡನದು. ಮಗಳನ್ನು ವಸ್ತುವಿನಂತೆ ಕೊಡುವುದು ಬೇಡವೆಂದು ಹೇಳುವ ಇಂದಿನ ಹುಡುಗಿಯರ ಆಕ್ಷೇಪ ಭಾವನಾತ್ಮಕವಾದುದೆಂದು ಹಿರಿಯರು ಬದಿಗೊತ್ತುವುದುಂಟು. ಅದು ಭಾವನೆಯ ಮಾತಷ್ಟೇ ಅಲ್ಲ, ವಿಭಕ್ತಿಯ ಮಾತು ಎಂಬುದನ್ನು ಶಾಸನಭಾಷೆ ತೋರಿಸಿಕೊಡುತ್ತದೆ.

ಆದರೆ ಅದೇ ಶಾಸನಗಳು ನೀರಿಗೆ ಸಾಕ್ಷ್ಯದ ಅರ್ಥವೂ ಇದೆಯೆಂದು ಹೇಳುತ್ತವೆ. ಕೊಡುವ ಅರ್ಥವನ್ನು ಬಿಟ್ಟು ಸಾಕ್ಷಿಯಾಗುವ ಅರ್ಥವನ್ನು ಉಳಿಸಿಕೊಳ್ಳಬಹುದಲ್ಲವೆ? ಆ ಮದುವೆಯಲ್ಲಿ ಕೊನೆಗೆ ಹಾಗೆಯೇ ಮಾಡಲಾಯಿತು. ವಧೂವರರು ಪರಸ್ಪರ ಕೈಹಿಡಿದು ನಿಂತರು. ಇಬ್ಬರ ತಂದೆತಾಯಂದಿರೂ ಒಂದೇ ತಂಬಿಗೆಯನ್ನು ನಾಲ್ಕು ಕೈಗಳಲ್ಲಿ ಹಿಡಿದು ಆ ಕೈಗಳ ಮೇಲೆ ನೀರೆರೆದು, ಇವರು ತಾವಾಗಿಯೇ ಕೈಹಿಡಿದದ್ದನ್ನು ನಾವು ಕಂಡಿದ್ದೇವೆ, ನಮ್ಮ ಒಪ್ಪಿಗೆಯಿದೆ, ಎರಡು ಮನೆಗಳೂ ಇಬ್ಬರಿಗೂ ತೆರೆದಿರುತ್ತವೆ ಎಂದು ನುಡಿದರು. ಕ್ರಿಯೆ ಹಳೆಯದು, ಕರ್ತೃ ಬದಲಾದನು. ಈಚೆಗೆ ಇಂಥ ಮದುವೆಗಳಲ್ಲಿ ವಧೂವರರು ಸಸಿಯೊಂದಕ್ಕೆ ನೀರೆರೆಯುವ ರೂಢಿ ಬೆಳೆಯುತ್ತಿದೆ. ನೋಡಲು ಚೆಲುವಾದ ಕ್ರಿಯೆಯೇ ಹೌದು. ಆದರೆ ಯಾರು ಯಾರಿಗೆ ಏನು ಹೇಳಿದಂತಾಯಿತೆಂದು ಕೇಳಿದರೆ ಉತ್ತರ ದೊರೆಯುವುದು ಕಷ್ಟ. ಶಾಲೆಯ ವನಮಹೋತ್ಸವಕ್ಕೂ ಅದು ಅಷ್ಟೇ ಒಪ್ಪುತ್ತದೆ.

ಇಂಥ ತಿದ್ದುಪಡಿ ಪರಂಪರೆಗೆ ಅಪಚಾರವೆಂಬ ಆಕ್ಷೇಪವನ್ನು ಎದುರಿಸಲು ಪರಂಪರೆಯನ್ನೇ ಕೊಂಚ ಹತ್ತಿರದಿಂದ ನೋಡಬೇಕು. ಆಶ್ವಲಾಯನ ಗೃಹ್ಯಸೂತ್ರವು ವಿವಾಹ ಪ್ರಕರಣದ ಆರಂಭದಲ್ಲಿಯೇ ನಾಡುನಾಡಿನ, ಊರೂರಿನ ಆಚಾರಗಳು ಬಗೆಬಗೆಯಾಗಿವೆಯೆಂದೂ ಮದುವೆಯಲ್ಲಿ ಅವುಗಳನ್ನು ಅನುಸರಿಸಬೇಕೆಂದೂ ಒಪ್ಪಿಕೊಂಡು, ಎಲ್ಲೆಡೆಗೂ ಸಾಮಾನ್ಯವಾದುದನ್ನಷ್ಟೇ ತಾನು ಹೇಳುತ್ತೇನೆಂದು ಹೊರಡುತ್ತದೆ. ಆಪಸ್ತಂಬ ಗೃಹ್ಯಸೂತ್ರವು ಆಚರಣೆಗಳನ್ನು ಹೆಂಗಸರಿಂದ ತಿಳಿಯಬೇಕೆನ್ನುತ್ತದೆ. ಇಂದು ಮದುವೆಗೆ ಅತ್ಯಗತ್ಯವೆಂದು ಎಲ್ಲರೂ ನಂಬಿರುವ ಮಂಗಳಸೂತ್ರದ ಪ್ರಸ್ತಾಪ ಗೃಹ್ಯಸೂತ್ರಗಳಲ್ಲಿ ಇಲ್ಲವೆಂಬುದನ್ನು ಪಾಂಡುರಂಗ ವಾಮನ ಕಾಣೆಯವರು ಧರ್ಮಶಾಸ್ತ್ರದ ಇತಿಹಾಸದಲ್ಲಿ ಬಹಳ ಹಿಂದೆಯೇ ಗುರುತಿಸಿದ್ದಾರೆ. ತಾಳಿ ಬೇಕೆ ಬೇಡವೆ ಎಂಬುದನ್ನು ವಧು ತೀರ್ಮಾನಿಸಲಿ. ಸೂತ್ರಕಾರರ ಹೆಸರಿನಲ್ಲಿ ಅವಳ ಮೇಲೆ ಒತ್ತಾಯ ಹೇರುವಂತಿಲ್ಲ ಎಂದಷ್ಟೇ ಹೇಳಿ ಮುಂದುವರಿಯುತ್ತೇವೆ. ಇನ್ನು ಹಗಲು ಹನ್ನೊಂದು ಗಂಟೆಗೆ ಕಲ್ಯಾಣಮಂಟಪದ ವಿದ್ಯುತ್ ಪಂಖದ ಕಡೆಗೆ ಬೆರಳು ತೋರಿಸಿ ಅರುಂಧತಿಯನ್ನು ದರ್ಶನ ಮಾಡಿಸುವ ದೃಶ್ಯವನ್ನು ಓದುಗರೆಲ್ಲರೂ ಕಂಡಿರುತ್ತಾರೆ. ಅರ್ಥ ಬಿಟ್ಟುಹೋದ ಮೇಲೂ ವಿಧಿ ಎಷ್ಟು ಕಾಲ ನಡೆಯಬಲ್ಲದೆಂಬುದಕ್ಕೆ ಅದೊಂದೇ ಸಾಕು.

ಪುರೋಹಿತರಿಲ್ಲದ ಮದುವೆ ಸುಧಾರಕರ ಆವಿಷ್ಕಾರವೆಂಬ ತಿಳುವಳಿಕೆಯೂ ಪೂರ್ಣವಲ್ಲ. ಕೊಡವರ ಸಾಂಪ್ರದಾಯಿಕ ಮದುವೆಯಲ್ಲಿ ಬ್ರಾಹ್ಮಣ ಪುರೋಹಿತನಿಗೆ ಸ್ಥಾನವಿಲ್ಲ, ಹೋಮವಿಲ್ಲ. ಹಿರಿಯರ ಆಶೀರ್ವಾದವೇ ಅಲ್ಲಿ ಪ್ರಧಾನ. ಎರಡು ಮನೆತನಗಳ ಪರವಾಗಿ ಮಾತನಾಡುವ ಅರುವರು ಎದುರುಬದುರು ನಿಂತು, ಪ್ರಶ್ನೋತ್ತರದ ರೂಪದಲ್ಲಿ, ವಧುವಿಗೆ ಹೊಸ ಮನೆಯಲ್ಲಿ ಸಲ್ಲುವ ಹಕ್ಕುಗಳನ್ನು ಬಾಯಿಬಿಟ್ಟು ಹೇಳಿ, ಅದರ ಗುರುತಾಗಿ ಹರಳುಗಳನ್ನು ಕೈಯಿಂದ ಕೈಗೆ ಕೊಡುತ್ತಾರೆ. ಎಲ್ಲರಿಗೂ ತಿಳಿಯುವ ಕೊಡವ ನುಡಿಯಲ್ಲಿ, ಹತ್ತಾರು ಜನರ ಮುಂದೆ, ಹೆಣ್ಣಿನ ಹಕ್ಕು ಮದುವೆಯ ಮಾತಾಗುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ'ಯಲ್ಲಿ ಕೊಡವರ ಮದುವೆಯ ಹಾಡುಗಳ ಸಂಗ್ರಹವಿದೆ. ಹೊಸ ವಿಧಿಗಳನ್ನು ರಚಿಸಹೊರಟವರು ಅದನ್ನು ತೆರೆದು ನೋಡುವುದು ಅಪರೂಪವೆಂಬುದು ಖೇದಕರ.

ಆಧುನಿಕ ಕನ್ನಡದಲ್ಲಿ ಈ ದಿಸೆಯ ಅತ್ಯಂತ ಮಹತ್ವದ ಪ್ರಯೋಗ ಕುವೆಂಪು ಅವರ ಮಂತ್ರಮಾಂಗಲ್ಯ. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಅವರು ಈ ಕ್ರಮದಲ್ಲಿ ನಡೆಸಿದರು. ಪುರೋಹಿತ, ಜಾತಕ, ಮುಹೂರ್ತ, ವರದಕ್ಷಿಣೆ, ಆಡಂಬರ ಇವಿಷ್ಟನ್ನೂ ನಿರಾಕರಿಸಿ, ಕೆಲವೇ ಆಪ್ತರ ಸಮ್ಮುಖದಲ್ಲಿ ವಧೂವರರು ಸಂಹಿತೆಯೊಂದಕ್ಕೆ ಒಪ್ಪಿಗೆ ಕೊಡುವುದು ಅದರ ಸ್ವರೂಪ. ಜಾತಿಮತಗಳ ಕಟ್ಟಿನಿಂದ ಬಿಡುಗಡೆ, ಗಂಡುಹೆಣ್ಣುಗಳಲ್ಲಿ ಮೇಲುಕೀಳಿಲ್ಲದಿರುವುದು, ಮೂಢಾಚಾರಗಳ ತ್ಯಾಗ ಆ ಸಂಹಿತೆಯ ಮುಖ್ಯ ಆಶಯಗಳು. ಕುವೆಂಪು ಹೆಸರಿನಲ್ಲಿಯೇ 'ಮಂತ್ರ'ವನ್ನು ಉಳಿಸಿಕೊಂಡದ್ದು ಗಮನಾರ್ಹ. ಅವರ ವಿರೋಧವಿದ್ದದ್ದು ಪೌರೋಹಿತ್ಯಕ್ಕೇ ಹೊರತು ಗಂಭೀರವಾಗಿ ನುಡಿದ ಮಾತಿನ ಶಕ್ತಿಗಲ್ಲ. ಮುಂದೆ 1980ರಲ್ಲಿ ಆರಂಭವಾದ ರೈತಸಂಘವು ಸರಳ ಮದುವೆಗಳನ್ನು ತನ್ನ ಕಾರ್ಯಕ್ರಮವಾಗಿಸಿಕೊಂಡದ್ದರಿಂದ ಈ ಕ್ರಮ ಸಾಹಿತಿಗಳ ವಲಯವನ್ನು ದಾಟಿ ಹಳ್ಳಿಗಳನ್ನು ಮುಟ್ಟಿತು.

ಇಷ್ಟು ಗೌರವದೊಡನೆಯೇ ಒಂದು ಆಕ್ಷೇಪವನ್ನೂ ದಾಖಲಿಸಬೇಕು. ಇಂದು ಮಂತ್ರಮಾಂಗಲ್ಯವೆಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚುಹಾಕಿಸಿ, ಸಾವಿರ ಜನರ ಊಟ ಮಾಡಿಸುವ ಮದುವೆಗಳನ್ನು ನಾವು ಕಂಡಿದ್ದೇವೆ. ಮಿತಿಯೇ ಆ ಕ್ರಮದ ಮೊದಲ ಮಂತ್ರ. ಅದು ಹೋದ ಮೇಲೆ ಉಳಿಯುವುದು ಹೆಸರು. ಎರಡನೆಯದು ಇನ್ನೂ ಸೂಕ್ಷ್ಮವಾದುದು. ಹಿರಿಯರೊಬ್ಬರು ಧ್ವನಿವರ್ಧಕದಲ್ಲಿ ಸಂಹಿತೆಯನ್ನು ವೇಗವಾಗಿ ಓದುತ್ತಾರೆ, ವಧೂವರರು ತುಂಡುತುಂಡಾಗಿ ಪುನರುಚ್ಚರಿಸುತ್ತಾರೆ. ಮೊದಲ ಬಾರಿಗೆ ಆ ಪುಸ್ತಿಕೆಯನ್ನು ಅವರು ಕಾಣುವುದೇ ಆ ದಿನ ಎಂಬ ಸಂದರ್ಭಗಳೂ ಇವೆ. ಹಾಗಾದಾಗ ಅಜ್ಜಿಯ ಪ್ರಶ್ನೆ ಇಲ್ಲಿಗೂ ಅನ್ವಯಿಸುತ್ತದೆ. ಕುವೆಂಪು ಅವರ ಪಾಠವನ್ನು ತಿಂಗಳೆರಡು ತಿಂಗಳು ಮೊದಲೇ ಇಬ್ಬರೂ ಕೂಡಿ ಓದಿ, ತಮ್ಮ ಮಾತನ್ನು ಸೇರಿಸಿಕೊಳ್ಳುವುದೇ ಅದಕ್ಕೆ ಸಲ್ಲಿಸುವ ಮರ್ಯಾದೆ. ಲಿಂಗಾಯತ ಪರಂಪರೆಯ ಕೆಲವು ಮಠಗಳೂ ಬಸವ ಸಂಘಟನೆಗಳೂ ನಡೆಸುವ ವಚನಾಧಾರಿತ ಮದುವೆಗಳಿಗೂ ಇದೇ ಮಾತನ್ನು ಹೇಳಬಹುದು. ವಚನ ಕನ್ನಡದಲ್ಲಿದೆಯೆಂದ ಮಾತ್ರಕ್ಕೆ ಅದು ಮದುವೆಯ ಮಾತಾಗುವುದಿಲ್ಲ.

ನೆರೆಯ ಭಾಷೆಗಳಲ್ಲಿ ನಡೆದ ಎರಡು ಪ್ರಯತ್ನಗಳು ಹೊರನಾಡ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದವು. ಪುಣೆಯಲ್ಲಿ 1873ರಲ್ಲಿ ಜೋತಿರಾವ್ ಫುಲೆಯವರು ಸ್ಥಾಪಿಸಿದ ಸತ್ಯಶೋಧಕ ಸಮಾಜವು ಬ್ರಾಹ್ಮಣ ಪುರೋಹಿತರಿಲ್ಲದ ವಿವಾಹಗಳನ್ನು ನಡೆಸಿತು. ಫುಲೆಯವರು ಮರಾಠಿಯಲ್ಲಿ ತಾವೇ ಮಂಗಳಾಷ್ಟಕಗಳನ್ನು ರಚಿಸಿದರು. ಅಲ್ಲಿ ವರನೂ ವಧುವೂ ಒಬ್ಬರಿಗೊಬ್ಬರು ಮಾತನಾಡುತ್ತಾರೆ. ವಧು ಹೆಣ್ಣಿನ ಹಕ್ಕಿನ ಪ್ರಶ್ನೆಯನ್ನು ಎತ್ತುತ್ತಾಳೆ. ಧಾರವಾಡ, ಬೆಳಗಾವಿ ಕಡೆಯ ಮದುವೆಗಳಲ್ಲಿ 'ಸಾವಧಾನ'ವೆಂದು ಮುಗಿಯುವ ಮಂಗಳಾಷ್ಟಕದ ಹಾಡುಗಾರಿಕೆ ನಮಗೆ ಅಪರಿಚಿತವಲ್ಲ. ಆ ಮಟ್ಟಿಗೆ ಹೊಸ ಮಾತನ್ನು ಹೊಂದಿಸಿ ನೂರೈವತ್ತು ವರ್ಷಗಳಾದುವೆಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಅದೇ ಪುಣೆಯಲ್ಲಿ ಇಂದು ಜ್ಞಾನಪ್ರಬೋಧಿನಿ ಸಂಸ್ಥೆಯು ಸ್ತ್ರೀಯರನ್ನೂ ಒಳಗೊಂಡಂತೆ ಪುರೋಹಿತರಿಗೆ ತರಬೇತಿ ಕೊಟ್ಟು, ಪ್ರತಿಯೊಂದು ವಿಧಿಯ ಅರ್ಥವನ್ನು ಮರಾಠಿಯಲ್ಲಿ ವಿವರಿಸುತ್ತ ಸಂಸ್ಕಾರಗಳನ್ನು ನಡೆಸಿಕೊಡುವ ವ್ಯವಸ್ಥೆ ಮಾಡಿದೆ. ಫುಲೆಯವರದಕ್ಕೆ ಇದು ತೀರ ಭಿನ್ನವಾದ ದಾರಿ. ಆದರೂ ಕೇಳುವವರಿಗೆ ತಿಳಿಯಬೇಕೆಂಬ ಒಂದು ವಿಷಯದಲ್ಲಿ ಎರಡೂ ಕೂಡುತ್ತವೆ.

ಇನ್ನೊಂದು ತಮಿಳುನಾಡಿನ ಸ್ವಾಭಿಮಾನ ವಿವಾಹ. ಪೆರಿಯಾರರ ನೇತೃತ್ವದಲ್ಲಿ 1920ರ ದಶಕದ ಕೊನೆಯಲ್ಲಿ ಆರಂಭವಾದ ಈ ಮದುವೆಗಳಿಗೆ ನ್ಯಾಯಾಲಯಗಳಲ್ಲಿ ಬಹುಕಾಲ ಮಾನ್ಯತೆ ದೊರೆಯಲಿಲ್ಲ. ಮದುವೆಯಾಗಿ ಮಕ್ಕಳಾದವರಿಗೆ ತಾವು ಕಾನೂನಿನ ದೃಷ್ಟಿಯಲ್ಲಿ ದಂಪತಿಗಳಲ್ಲವೆಂದು ತಿಳಿಯುವುದು ಎಂಥ ಅನುಭವವೆಂಬುದನ್ನು ಊಹಿಸಬಹುದು. 1967ರಲ್ಲಿ ಅಣ್ಣಾದುರೈಯವರ ಸರ್ಕಾರ ಹಿಂದೂ ವಿವಾಹ ಕಾಯಿದೆಗೆ 7ಎ ಎಂಬ ಕಲಮನ್ನು ಸೇರಿಸಿತು. ಬಂಧುಮಿತ್ರರ ಅಥವಾ ಇತರರ ಸಮಕ್ಷಮದಲ್ಲಿ, ಇಬ್ಬರಿಗೂ ತಿಳಿಯುವ ಯಾವುದೇ ಭಾಷೆಯಲ್ಲಿ, ಪರಸ್ಪರ ಪತಿಪತ್ನಿಯರಾಗಿ ಸ್ವೀಕರಿಸಿದ್ದೇವೆಂದು ಹೇಳಿದರೆ, ಅಥವಾ ಹಾರವನ್ನೋ ಉಂಗುರವನ್ನೋ ತೊಡಿಸಿದರೆ, ಅಥವಾ ತಾಳಿ ಕಟ್ಟಿದರೆ ಮದುವೆ ಪೂರ್ಣವಾಗುತ್ತದೆ. ಹಿಂದೆ ನಡೆದಿದ್ದ ಇಂಥ ಮದುವೆಗಳನ್ನೂ ಅದು ಊರ್ಜಿತಗೊಳಿಸಿತು. ಇದಕ್ಕೆ ಬಹಿರಂಗ ಘೋಷಣೆಯ ಅಗತ್ಯವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ಸ್ಪಷ್ಟಪಡಿಸಿದೆ. ಚೆನ್ನೈಯ ಕನ್ನಡಿಗರಿಗೆ ಈ ಅವಕಾಶವಿದೆ. ಮುಂಬಯಿ, ಹೈದರಾಬಾದು, ದೆಹಲಿಗಳಲ್ಲಿ ನಡೆಯುವ ಮದುವೆಗೆ ಆ ಕಲಮಿನ ಆಸರೆಯಿಲ್ಲ.

ಇಲ್ಲಿ ವ್ಯಾವಹಾರಿಕವಾದ ಒಂದು ಎಚ್ಚರಿಕೆ ಅವಶ್ಯ. ಹಿಂದೂ ವಿವಾಹ ಕಾಯಿದೆಯ 7ನೆಯ ಕಲಂ ವಧೂವರರಲ್ಲಿ ಯಾರಾದರೊಬ್ಬರ ರೂಢಿಯ ವಿಧಿಗಳಂತೆ ಮದುವೆ ನಡೆಯಬೇಕೆನ್ನುತ್ತದೆ. ಆ ವಿಧಿಗಳಲ್ಲಿ ಸಪ್ತಪದಿ ಸೇರಿದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ವಿಧಿಯೇ ನಡೆಯದೆ ಬರಿಯ ನೋಂದಣಿಪತ್ರದಿಂದ ಈ ಕಾಯಿದೆಯ ಪ್ರಕಾರ ಮದುವೆಯಾಗದೆಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೇಳಿದೆ. ಆದಕಾರಣ ಹೊಸದಾಗಿ ರಚಿಸಿಕೊಂಡ ವಿಧಿಯಿಂದ ಮದುವೆಯಾಗಿ ಆಮೇಲೆ ಈ ಕಾಯಿದೆಯಡಿ ನೋಂದಾಯಿಸಿದರಾಯಿತೆಂದು ತಿಳಿಯುವುದು ಅಪಾಯಕರ. ಅಂಥವರಿಗೆ 1954ರ ವಿಶೇಷ ವಿವಾಹ ಕಾಯಿದೆಯೇ ಭದ್ರವಾದ ಮಾರ್ಗ. ಇಬ್ಬರಲ್ಲೊಬ್ಬರು ಕನಿಷ್ಠ 30 ದಿನ ವಾಸವಾಗಿರುವ ಜಿಲ್ಲೆಯ ವಿವಾಹಾಧಿಕಾರಿಗೆ ನೋಟೀಸು ಕೊಡಬೇಕು. ಅದು ಪ್ರಕಟವಾದ ಮೇಲೆ 30 ದಿನ ಆಕ್ಷೇಪಣೆಗೆ ಅವಕಾಶ. ನೋಟೀಸು ಕೊಟ್ಟ 3 ತಿಂಗಳೊಳಗೆ ಮದುವೆಯಾಗಬೇಕು. 3 ಸಾಕ್ಷಿಗಳು ಬೇಕು. ಮನೆಯವರ ವಿರೋಧ ಕಟ್ಟಿಕೊಂಡ ಅಂತರ್ಜಾತಿ, ಅಂತರ್ಧರ್ಮೀಯ ಜೋಡಿಗಳಿಗೆ ಕಚೇರಿಯ ಗೋಡೆಯ ಮೇಲಿನ ಆ 30 ದಿನಗಳು ಎಷ್ಟು ದೀರ್ಘವೆಂಬುದನ್ನು ಬಲ್ಲವರೇ ಬಲ್ಲರು.

ಆದರೆ ಅದೇ ಕಾಯಿದೆಯ 12ನೆಯ ಕಲಮನ್ನು ಸಾಹಿತ್ಯದ ವಿದ್ಯಾರ್ಥಿಗಳು ಒಮ್ಮೆ ಓದಬೇಕು. ವಧೂವರರು ತಮಗೆ ಬೇಕಾದ ಯಾವ ರೂಪದಲ್ಲಾದರೂ ಮದುವೆಯಾಗಬಹುದು. ಕಚೇರಿಯಲ್ಲೇ ಆಗಬೇಕೆಂದಿಲ್ಲ, ಹೆಚ್ಚಿನ ಶುಲ್ಕ ತೆತ್ತರೆ ಸಮೀಪದ ಬೇರೆ ಸ್ಥಳದಲ್ಲೂ ಆಗಬಹುದು. ಕಡ್ಡಾಯವಾದುದು ಒಂದೇ: ಅಧಿಕಾರಿ ಮತ್ತು ಸಾಕ್ಷಿಗಳ ಮುಂದೆ, ಇಬ್ಬರಿಗೂ ತಿಳಿಯುವ ಯಾವುದೇ ಭಾಷೆಯಲ್ಲಿ, ಒಬ್ಬರನ್ನೊಬ್ಬರು ಸ್ವೀಕರಿಸುವ ಒಂದು ವಾಕ್ಯವನ್ನು ನುಡಿಯಬೇಕು. ಕರ್ತೃ ನಾನು, ಕರ್ಮ ನೀನು, ಎರಡು ಬಾರಿ, ಅದಲುಬದಲಾಗಿ. ಅಜ್ಜಿ ಕೇಳಿದ ಪ್ರಶ್ನೆಗೆ ಕಾಯಿದೆಯ ಕರಡು ಬರೆದವರು ಆಗಲೇ ಉತ್ತರ ಕೊಟ್ಟಿದ್ದರು. ನಾವು ಮಾತ್ರ ಚಂಪೂಕಾವ್ಯಗಳಲ್ಲಿ ಹುಡುಕುತ್ತಿದ್ದೆವು.

ಹಾಗೆಂದು ಪ್ರಾಚೀನ ಸಾಹಿತ್ಯ ನಿರುಪಯುಕ್ತವೆಂದು ಅರ್ಥವಲ್ಲ. ಅದರಿಂದ ಪದ್ಯಗಳನ್ನು ಎತ್ತಿಕೊಳ್ಳುವ ಬದಲು ಸನ್ನಿವೇಶಗಳನ್ನು ಗಮನಿಸಬೇಕು. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಕೌಶಿಕನನ್ನು ಮದುವೆಯಾಗುವ ಮುನ್ನ ಮಹಾದೇವಿ ಷರತ್ತುಗಳನ್ನು ಹಾಕುತ್ತಾಳೆ. ಲಿಂಗಪೂಜೆಯಲ್ಲಿ, ಮಾಹೇಶ್ವರರ ಗೋಷ್ಠಿಯಲ್ಲಿ, ಗುರುಸೇವೆಯಲ್ಲಿ ತನ್ನಿಚ್ಛೆಯಂತೆ ಇರುವುದಾಗಿಯೂ, ಮೂರು ತಪ್ಪುಗಳನ್ನು ಸೈರಿಸುವುದಾಗಿಯೂ ಹೇಳುತ್ತಾಳೆ. ಅರಸ ಒಪ್ಪುತ್ತಾನೆ, ತಪ್ಪುತ್ತಾನೆ. ಎಣಿಕೆ ಮುಗಿದಾಗ ಅವಳು ಹೊರಡುತ್ತಾಳೆ. ಚಾಮರಸನ ಪ್ರಭುಲಿಂಗಲೀಲೆ ಈ ಮದುವೆಯನ್ನೇ ಒಪ್ಪುವುದಿಲ್ಲವೆಂಬುದು ಬೇರೆ ಚರ್ಚೆ. ನಮಗೆ ಮುಖ್ಯವಾದುದು, ಹರಿಹರನ ಕಥನದಲ್ಲಿ ಮದುವೆಯ ಮಾತನ್ನು ಆಡುವವಳು ವಧು, ಆ ಮಾತಿಗೆ ಬೆಲೆಯಿದೆ, ಅದನ್ನು ಮುರಿದದ್ದಕ್ಕೆ ಪರಿಣಾಮವಿದೆ ಎಂಬುದು. ಪಾಠ ಸಿದ್ಧಪಡಿಸುವವರಿಗೆ ಇದರಿಂದ ದೊರೆತ ಸೂಚನೆ ಸರಳ. ಪ್ರೀತಿಸುತ್ತೇನೆ, ಸುಖದುಃಖಗಳಲ್ಲಿ ಜೊತೆಗಿರುತ್ತೇನೆ ಎಂಬಂಥ, ಮುರಿದರೂ ಗೊತ್ತಾಗದ ಮಾತುಗಳಿಗಿಂತ ಮುರಿದರೆ ಇಬ್ಬರಿಗೂ ಗೊತ್ತಾಗುವಂಥ ಮಾತುಗಳನ್ನು ಹುಡುಕಬೇಕು. ನಮ್ಮ ವಿದ್ಯಾರ್ಥಿನಿ ಬರೆದುಕೊಂಡ ಮಾತುಗಳಲ್ಲಿ ಒಂದು, ಪ್ರಬಂಧ ಮುಗಿಸುವವರೆಗೆ ದೆಹಲಿ ಬಿಡುವುದಿಲ್ಲ ಎಂಬುದಾಗಿತ್ತು. ವರ ಬರೆದುಕೊಂಡದ್ದು, ತಾಯಿತಂದೆಯರ ವೃದ್ಧಾಪ್ಯದ ಹೊಣೆ ಹೆಂಡತಿಯದೆಂದು ತಿಳಿಯುವುದಿಲ್ಲ ಎಂಬುದು. ಮಾರ್ಗದರ್ಶಕರಾದ ನಮಗೆ ಮೊದಲನೆಯದರಿಂದ ಕೊಂಚ ಸಮಾಧಾನವಾದುದನ್ನು ಮುಚ್ಚಿಡಬೇಕಾಗಿಲ್ಲ.

ಸಪ್ತಪದಿಯನ್ನು ಅವರು ಉಳಿಸಿಕೊಂಡರು. ಅನ್ನಕ್ಕೆ, ಬಲಕ್ಕೆ, ಸಂಪತ್ತಿಗೆ, ಸುಖಕ್ಕೆ, ಪ್ರಜೆಗೆ, ಋತುಗಳಿಗೆ ಒಂದೊಂದು ಹೆಜ್ಜೆ, ಏಳನೆಯದು ಸಖ್ಯಕ್ಕೆ. ಏಳು ಹೆಜ್ಜೆ ಕೂಡಿ ನಡೆದವರು ಗೆಳೆಯರೆಂಬ ಪ್ರಾಚೀನ ಭಾವನೆಗಿಂತ ಆಧುನಿಕವಾದುದನ್ನು ಹುಡುಕುವುದು ಕಷ್ಟ. ದೋಷವಿರುವುದು ಮತ್ತೆ ಕರ್ತೃವಿನಲ್ಲಿ: ಸೂತ್ರದ ಕ್ರಮದಲ್ಲಿ ನುಡಿಯುವವನು ವರ, ನಡೆಯುವವಳು ವಧು. ಇಲ್ಲಿ ಒಂದು ಹೆಜ್ಜೆಗೆ ಅವಳು ಕನ್ನಡದಲ್ಲಿ, ಮುಂದಿನದಕ್ಕೆ ಅವನು ಮರಾಠಿಯಲ್ಲಿ ನುಡಿದು, ಏಳನೆಯದನ್ನು ಇಬ್ಬರೂ ಕೂಡಿ ನುಡಿದರು. ಐದನೆಯ ಹೆಜ್ಜೆಯಲ್ಲಿ ಚರ್ಚೆ ಎದ್ದಿತು. ಮಕ್ಕಳನ್ನು ಪಡೆಯುವ ವಿಚಾರವನ್ನು ಸಭೆಯ ಮುಂದೆ ವ್ರತವಾಗಿ ನುಡಿಯಲು ಅವರಿಗೆ ಇಷ್ಟವಿರಲಿಲ್ಲ. ಸಂಸ್ಕೃತದ 'ಪ್ರಜಾ' ಸಂತಾನವಾದರೆ ಕನ್ನಡದ 'ಪ್ರಜೆ' ನಾಡಿನ ಜನ ಎಂದು ನಾವು ಸೂಚಿಸಿದೆವು. ವಧು ಅದನ್ನು ಹಿಡಿದು, 'ನಮ್ಮ ನಂತರ ಬರುವವರಿಗಾಗಿ' ಎಂದು ಬರೆದರು. ಮಕ್ಕಳಾದರೂ ಆಗದಿದ್ದರೂ ಸಲ್ಲುವ ಮಾತು.

ಉಳಿದ ಏರ್ಪಾಟುಗಳನ್ನು ಸಂಕ್ಷೇಪವಾಗಿ ಹೇಳಬಹುದು. ಕರೆದವರು ಅರವತ್ತು ಮಂದಿ. ಎಲ್ಲರೂ ಒಂದೇ ವೃತ್ತದಲ್ಲಿ ಕುಳಿತು ಧ್ವನಿವರ್ಧಕವಿಲ್ಲದೆ ಕೇಳಿಸಿಕೊಳ್ಳಬೇಕೆಂಬುದೇ ಆ ಸಂಖ್ಯೆಗೆ ಕಾರಣ. ಉತ್ತರ ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ 'ಲಗ್ನ'ವೆಂದರೆ ಮದುವೆಯೇ; ಪಂಚಾಂಗದ ಲಗ್ನವನ್ನು ಮಾತ್ರ ನೋಡದೆ ಪುಣೆಯ ರೈಲು ಬರುವ ಹೊತ್ತನ್ನು ನೋಡಿ ಗಳಿಗೆ ಗೊತ್ತುಮಾಡಿದರು. ಎರಡು ಭಾಷೆಗಳ ಪಾಠವನ್ನು ಎದುರುಬದುರು ಪುಟಗಳಲ್ಲಿ ಅಚ್ಚುಮಾಡಿಸಿ ಎಲ್ಲರ ಕೈಗೂ ಕೊಡಲಾಯಿತು. ಇಡೀ ವಿಧಿಗೆ ಹಿಡಿದದ್ದು ಮುಕ್ಕಾಲು ಗಂಟೆ. ವಿವಾಹಾಧಿಕಾರಿಯ ಮುಂದೆ ನುಡಿಯಬೇಕಾದ ವಾಕ್ಯವನ್ನು ಆ ದಿನ ಬೆಳಿಗ್ಗೆಯೇ ಕಚೇರಿಯಲ್ಲಿ ನುಡಿದಿದ್ದರು: ವರ ಮೂರು ವಾರ ಅಭ್ಯಾಸ ಮಾಡಿ ಕನ್ನಡದಲ್ಲಿ, ವಧು ಮರಾಠಿಯಲ್ಲಿ. ಅಧಿಕಾರಿಗಳು ಕಾಯಿದೆಯ ಪುಸ್ತಕ ತೆಗೆದು ನೋಡಿ ಒಪ್ಪಿಕೊಂಡರಂತೆ.

ಹೊರನಾಡಿನ ಕನ್ನಡ ಸಂಘಗಳ ಆಸುಪಾಸಿನಲ್ಲಿ ಇಂಥ ಮದುವೆಗಳು ನಡೆಯುತ್ತಿವೆ. ಅವುಗಳ ಪಾಠಗಳು ಮದುವೆಯ ಮರುದಿನವೇ ಕಳೆದುಹೋಗುತ್ತವೆ. ಆಮಂತ್ರಣ ಪತ್ರಿಕೆ, ಪ್ರತಿಜ್ಞೆಯ ಕರಡು, ಹಾಡುಗಳ ಪಟ್ಟಿ, ತಿದ್ದುಪಡಿಗಳು ಇವೆಲ್ಲ ಇಂದಿನ ಕನ್ನಡದ ದಾಖಲೆಗಳು. ನಾಳೆ ಯಾರಾದರೂ ಇಪ್ಪತ್ತೊಂದನೆಯ ಶತಮಾನದ ಕನ್ನಡ ಕುಟುಂಬವನ್ನು ಅಭ್ಯಾಸ ಮಾಡಬೇಕಾದರೆ ಇವು ಬೇಕಾಗುತ್ತವೆ. ಆಯಾ ನಗರಗಳ ಸಂಶೋಧಕರು, ಸಂಬಂಧಪಟ್ಟವರ ಅನುಮತಿ ಪಡೆದು, ಇವುಗಳನ್ನು ಸಂಗ್ರಹಿಸಬೇಕೆಂದು ಕೋರುತ್ತೇವೆ.

ನಮ್ಮ ಬಳಿ ಸದ್ಯಕ್ಕೆ ಇರುವುದು ಒಂದೇ ಪ್ರತಿ. ಹದಿನಾಲ್ಕು ಪುಟಗಳಿದ್ದುದು ಕನ್ನಡದಲ್ಲಿ ನಾಲ್ಕಕ್ಕೆ ಇಳಿದಿದೆ. ಕೊನೆಯ ಕರಡನ್ನು ಅಜ್ಜಿಯವರಿಗೆ ಓದಿ ಹೇಳಿದಾಗ ಒಂದೇ ಕಡೆ ಕೈಯೆತ್ತಿ ನಿಲ್ಲಿಸಿದರು. ನೀರೆರೆಯುವ ಭಾಗದಲ್ಲಿ ನಾವು 'ಸಾಕ್ಷೀಭೂತರಾಗಿದ್ದೇವೆ' ಎಂದು ಬರೆದಿದ್ದೆವು. ಅವರು ಕನ್ನಡಕ ಹಾಕಿಕೊಂಡು, ಮೊಮ್ಮಗಳ ಪೆನ್ನು ತೆಗೆದುಕೊಂಡು ಅದನ್ನು ಹೊಡೆದುಹಾಕಿ, ನಡುಗುವ ಅಕ್ಷರಗಳಲ್ಲಿ ಪಕ್ಕದಲ್ಲಿ 'ಕಂಡೇವಿ' ಎಂದು ಬರೆದರು. ಅಚ್ಚಿನಲ್ಲಿ ಅದು 'ಕಂಡಿದ್ದೇವೆ' ಎಂದಾಯಿತು. ಪೀಠದ ಸಂಗ್ರಹದಲ್ಲಿರುವ ಕರಡಿನಲ್ಲಿ ಅವರು ಬರೆದಂತೆಯೇ ಇದೆ.